ಕರಿ ಇಶಾಡದ ಹೆಸರನ್ನು ಎಷ್ಟು ಬಾಟಲಿಗೆ ಅಂಟಿಸೋಣ?

ಅಂಕೋಲೆಯ ಕರಿ ಇಶಾಡ ಬೆಳೆಗಾರರಿಗೆ, ಮಾತಾ ತೋಟಗಾರ್ಸ್ ರೈತ ಉತ್ಪಾದಕ ಕಂಪನಿಯ ಸದಸ್ಯರಿಗೆ, ಹಾಗೂ ಕಾರವಾರ–ಅಂಕೋಲೆ ತಾಲ್ಲೂಕುಗಳಲ್ಲಿ ಮುರುಗಲು, ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುವ ಸ್ವಸಹಾಯ ಸಂಘಗಳ ಅಕ್ಕ-ತಂಗಿಯರಿಗೆ,



ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಎಲ್ಲರ ಬಾಯಲ್ಲಿ ಓಡಾಡುವ ಮಾತಿನಲ್ಲಿ ಹೇಳುವುದಾದರೆ ಜಿಐ ಟ್ಯಾಗ್. ನಮ್ಮ ಕಡೆಯ ಊರುಗಳು ರಾಜ್ಯದ ಪತ್ರಿಕೆಗಳ ಮುಖಪುಟಕ್ಕೆ ಬರುವುದು ಹೆಚ್ಚಾಗಿ ಕೆಟ್ಟ ಸುದ್ದಿಯಿಂದಲೇ. ಬೇಲೇಕೇರಿ ಎಂದರೆ ಅಕ್ರಮ ಅದಿರು, ಶಿರೂರು ಎಂದರೆ 2024ರ ಜುಲೈಯಲ್ಲಿ ಹೆದ್ದಾರಿಯ ಮೇಲೆ ಕುಸಿದ ಗುಡ್ಡ. ಅಂಥದ್ದರಲ್ಲಿ ಒಂದು ಹಣ್ಣಿನ ನೆಪದಲ್ಲಿ ಅಂಕೋಲೆಯ ಹೆಸರು ಕೇಳಿಬಂದದ್ದು ಸಣ್ಣ ಸಂಗತಿಯಲ್ಲ.

ಹೆಸರು ಬಂದದ್ದೇ ತಡ, ಸಲಹೆ ಕೊಡುವವರೂ ಬಂದಿರುತ್ತಾರೆ. ಇಶಾಡ ಜ್ಯೂಸ್ ಮಾಡಿ, ಜಾಮ್ ಮಾಡಿ, ಐಸ್‌ಕ್ರೀಂ ಮಾಡಿ, ಅದೇ ಚೀಟಿ ಅಂಟಿಸಿ ಗೋಡಂಬಿಯನ್ನೂ ಮುರುಗಲು ಶರಬತ್ತನ್ನೂ ಮಾರಿ ಎನ್ನುವ ಮಾತು ನಿಮ್ಮ ಕಿವಿಗೂ ಬಿದ್ದಿರಬೇಕು. ನಾನೂ ಸಲಹೆ ಕೊಡಲೆಂದೇ ಕುಳಿತಿದ್ದೇನೆ. ಕಾರವಾರದವನು ನಾನು. ದುಡಿಮೆಯ ವರ್ಷಗಳನ್ನು ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ಬೇರೆಯವರ ಮಾಲು ಮಾರುತ್ತ ಕಳೆದೆ. ಹೊಸ ಮಾಲಿಗೆ ಹಳೆಯ ಹೆಸರು ಹಚ್ಚುವಾಗ ಕಂಪನಿಗಳು ಏನು ಲೆಕ್ಕ ಹಾಕುತ್ತವೆ, ಎಲ್ಲಿ ಎಡವುತ್ತವೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ಆ ಅನುಭವದ ಮೇಲೆ ಈ ಪತ್ರ.

ನನ್ನ ಮಾತು ಇಷ್ಟೇ. ಮಾಲಿನ ಸಾಲು ಬೆಳೆಯಲಿ, ಬೆಳೆಯಲೇಬೇಕು. ಆದರೆ ಕರಿ ಇಶಾಡದ ಹೆಸರು ಕರಿ ಇಶಾಡವೇ ತುಂಬಿರುವ ಡಬ್ಬಿಯ ಮೇಲೆ ಮಾತ್ರ ಇರಲಿ. ಉಳಿದ ಎಲ್ಲದಕ್ಕೂ ನೀವು ಇನ್ನೊಂದು ಹೆಸರು ಕಟ್ಟಿಕೊಳ್ಳಿ, ಮತ್ತು ಅದು ನಿಮ್ಮದೇ ಆಗಿರಲಿ. ಹೀಗೇಕೆ ಎನ್ನುವುದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ಕೈಯಲ್ಲಿರುವ ಮಾಲಿನ ಗುಣ ನೋಡೋಣ. ಇಶಾಡದಲ್ಲಿ ಕರಿ, ಬಿಳಿ ಎಂದು ಎರಡು ಬಗೆ ಇರುವುದು ನಿಮಗೆ ನಾನು ಹೇಳಬೇಕಾದ್ದಲ್ಲ. ಕರಿಯದರ ಸಿಪ್ಪೆ ತೆಳು, ತಿರುಳು ಜಾಸ್ತಿ, ಸಿಹಿ ಮತ್ತು ಪರಿಮಳ ಎರಡರಲ್ಲೂ ಅದೇ ಮುಂದೆ. ಬಿಳಿಯದರ ಸಿಪ್ಪೆ ದಪ್ಪ, ತಿರುಳೂ ಸಿಹಿಯೂ ಅದಕ್ಕಿಂತ ಕಡಿಮೆ. ಹೆಸರು ತಂದುಕೊಟ್ಟ ಆ ತೆಳು ಸಿಪ್ಪೆಯೇ ವ್ಯಾಪಾರಕ್ಕೆ ತೊಡಕು. ಹಣ್ಣು ದೂರದ ಪ್ರಯಾಣ ತಡೆಯುವುದಿಲ್ಲ, ಬಹಳ ದಿನ ಇಟ್ಟರೆ ಕೆಡುತ್ತದೆ. ಮೇ ತಿಂಗಳಲ್ಲಿ ಬುಟ್ಟಿ ತುಂಬುತ್ತದೆ. ಜೂನ್‌ನ ಮಳೆ ಹಿಡಿಯಿತೆಂದರೆ ಹುಳದ ಕಾಟ ಶುರು, ಹಂಗಾಮು ಮುಗಿದಂತೆಯೇ. ಇತ್ತ ಕಾರವಾರದ ಟ್ಯಾಗೋರ್ ಕಡಲತೀರಕ್ಕೆ, ಗೋಕರ್ಣಕ್ಕೆ ಪ್ರವಾಸಿಗರು ದಂಡುಗಟ್ಟಿ ಬರುವುದು ಮಳೆ ಬಿಟ್ಟ ಮೇಲೆ, ಅಕ್ಟೋಬರ್‌ನಿಂದ. ಕೊಳ್ಳುವವರು ಬರುವ ಹೊತ್ತಿಗೆ ಹಣ್ಣಿಲ್ಲ, ಹಣ್ಣು ಇದ್ದಾಗ ಕೊಳ್ಳುವವರು ಕಡಿಮೆ. ಮಾಲಿನ ಸಾಲು ಬೆಳೆಯಬೇಕಾದ ನಿಜವಾದ ಕಾರಣ ಇದು. ಜಿಐ ಸಿಕ್ಕಿದೆ, ಏನಾದರೂ ಮಾಡೋಣ ಎಂಬ ಉಮೇದು ಕಾರಣವಾಗಬಾರದು.

ಹೊಸ ಮಾಲು ಹುಟ್ಟುವುದು ಹೀಗೆ ಒಂದು ಇಕ್ಕಟ್ಟಿನಿಂದ ಎಂಬುದಕ್ಕೆ ಕರ್ನಾಟಕದಲ್ಲೇ ಒಳ್ಳೆಯ ಉದಾಹರಣೆಗಳಿವೆ. ಮೊದಲ ಮಹಾಯುದ್ಧ ಶುರುವಾದಾಗ ಮೈಸೂರಿನ ಗಂಧದ ಕೊರಡು ಯುರೋಪಿಗೆ ಹೋಗುವುದು ನಿಂತು ರಾಶಿ ಬಿತ್ತು. 1916ರಲ್ಲಿ ಮೈಸೂರಿನಲ್ಲಿ ಎಣ್ಣೆ ತೆಗೆಯುವ ಕಾರ್ಖಾನೆ ಬಂತು, ಎಣ್ಣೆ ಕೈಗೆ ಬಂದ ಮೇಲೆ ಬೆಂಗಳೂರಿನಲ್ಲಿ ಸಾಬೂನು ಬಂತು. ಮುಂದೆ ಪೌಡರ್, ಅಗರಬತ್ತಿ. ಮೈಸೂರು ಸ್ಯಾಂಡಲ್ ಹೆಸರಿನ ಈ ಸಾಲನ್ನು ಒಮ್ಮೆ ಮೂಗಿನಿಂದ ನೋಡಿ. ಕೊರಡಿನಿಂದ ಹೊರಟ ಒಂದೇ ಪರಿಮಳ ಒಂದರಿಂದ ಇನ್ನೊಂದಕ್ಕೆ ಸಾಗಿದೆ. ಸಾಬೂನು ಕೊಂಡವರಿಗೆ ಪೌಡರ್ ಅಪರಿಚಿತವಾಗಲಿಲ್ಲ.

ಎಂಟಿಆರ್‌ನದೂ ಇದೇ ಕಥೆ. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಹೋಟೆಲು ಅದು. ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿತು. ತುರ್ತುಪರಿಸ್ಥಿತಿಯಲ್ಲಿ ಹೋಟೆಲು ತಿಂಡಿಯ ದರಕ್ಕೆ ಸರ್ಕಾರ ಕಡಿವಾಣ ಹಾಕಿದಾಗ ಪುಡಿ, ಮಿಶ್ರಣಗಳ ಪೊಟ್ಟಣಗಳತ್ತ ತಿರುಗಿತು. ಹೋಟೆಲಿನಲ್ಲಿ ತಿಂದ ರುಚಿಯನ್ನೇ ಗಿರಾಕಿ ಪೊಟ್ಟಣದಲ್ಲೂ ಹುಡುಕಿದ, ಅವನಿಗೆ ಅದು ಸಿಕ್ಕಿತು. ನಂದಿನಿ 2024ರ ಕೊನೆಯಲ್ಲಿ ಇಡ್ಲಿ–ದೋಸೆ ಹಿಟ್ಟು ತಂದಾಗ ಹಾಲಿನವರಿಗೆ ಹಿಟ್ಟಿನ ಉಸಾಬರಿ ಏಕೆ ಎಂದವರಿದ್ದರು. ಆದರೆ ಬೆಳಿಗ್ಗೆ ಹಾಲಿನ ಪ್ಯಾಕೆಟ್ ತರುವ ಕೈಯೇ ಹಿಟ್ಟಿನ ಪ್ಯಾಕೆಟ್ಟನ್ನೂ ತರುತ್ತದೆ. ಅಂಗಡಿ ಅದೇ, ಫ್ರಿಜ್ ಅದೇ, ಹೊತ್ತೂ ಅದೇ.

ಈ ಮೂರರಲ್ಲೂ ಹೊಸ ಮಾಲಿಗೆ ಹಳೆಯ ಹೆಸರು ಒಪ್ಪಿದ್ದಕ್ಕೆ ಕಾರಣವಿದೆ. ಒಂದರಲ್ಲಿ ಪರಿಮಳ ದಾಟಿತು, ಒಂದರಲ್ಲಿ ರುಚಿ, ಇನ್ನೊಂದರಲ್ಲಿ ಕೊಳ್ಳುವವರ ದಿನಚರಿ. ಏನೂ ದಾಟದೆ ಬರೀ ಅಕ್ಷರ ದಾಟಿದರೆ ಗಿರಾಕಿ ಒಮ್ಮೆ ಕೊಳ್ಳುತ್ತಾನೆ, ಎರಡನೇ ಸಲ ಕೈ ಚಾಚುವುದಿಲ್ಲ. ಕರಿ ಇಶಾಡದ ಹೆಸರಲ್ಲಿ ದಾಟಬೇಕಾದದ್ದು ಆ ತಿರುಳಿನ ಸಿಹಿ ಮತ್ತು ಪರಿಮಳ. ಗೋಡಂಬಿಯಲ್ಲಿ ಅದು ಎಲ್ಲಿಂದ ಬರಬೇಕು?

ಈಗ ಮೊದಲ ಹೆಜ್ಜೆ. ಜ್ಯೂಸ್, ಜಾಮ್ ಎನ್ನುವ ಮೊದಲು ಹಣ್ಣನ್ನೇ ಎರಡು-ಮೂರು ಮಾಲಾಗಿ ಮಾಡಬಹುದು. ಇಂದು ಹೆದ್ದಾರಿ ಬದಿಯಲ್ಲಿ ಬುಟ್ಟಿ ಇಟ್ಟು ಕೂತ ಅಕ್ಕನ ಹತ್ತಿರ ದೊಡ್ಡದು, ಚಿಕ್ಕದು, ಇವತ್ತು ತಿನ್ನುವುದು, ನಾಡಿದ್ದು ತಿನ್ನುವುದು ಎಲ್ಲವೂ ಒಟ್ಟಿಗೇ ಇರುತ್ತದೆ. ಅವಳು ಹಣ್ಣು ಮುಟ್ಟಿ ನೋಡಿಯೇ ಇದು ಇವತ್ತಿಗೆ, ಇದು ಮೂರು ದಿನ ಬಿಟ್ಟು ಎಂದು ಬೇರೆ ಮಾಡಿ ಕೊಡುತ್ತಾಳೆ. ಆ ಜ್ಞಾನವನ್ನೇ ರಟ್ಟಿನ ಪೆಟ್ಟಿಗೆಯ ಮೇಲೆ ಬರೆಯಬೇಕು. ಆರು ಹಣ್ಣಿನ ಪೆಟ್ಟಿಗೆ, ಮೇಲೆ ‘ಈ ತಾರೀಖಿನೊಳಗೆ ತಿನ್ನಿ’ ಎಂಬ ಸಾಲು, ದೋಟಿಗೆ ಬಲೆ ಕಟ್ಟಿ ತೊಟ್ಟಿನ ಸಮೇತ ಕೊಯ್ದದ್ದು, ಹುಲ್ಲಿನಲ್ಲಿ ಅಡೆ ಹಾಕಿ ಹಣ್ಣು ಮಾಡಿದ್ದು, ಕಾರ್ಬೈಡ್ ಮುಟ್ಟಿಸದ್ದು. ಇದು ಒಂದು ಮಾಲು. ಊರಿನಲ್ಲೇ ತಿಂದು ಮುಗಿಸುವವರಿಗೆ ಬುಟ್ಟಿಯ ಹಣ್ಣು ಇನ್ನೊಂದು. ಮದುವೆ, ಉಪನಯನಗಳಲ್ಲಿ ರಸಾಯನ ಮಾಡುವ ಅಡುಗೆಯವರಿಗೆ ಸಣ್ಣ ಗಾತ್ರದ ಪೂರ್ತಿ ಮಾಗಿದ ಹಣ್ಣು ಮೂರನೆಯದು. ಹಣ್ಣು ಅದೇ. ಕೊಳ್ಳುವವರು, ಬೆಲೆ, ಪೆಟ್ಟಿಗೆ ಬೇರೆ. ಇದಕ್ಕೆ ಯಂತ್ರ ಬೇಡ, ಸಾಲ ಬೇಡ. ಆರಿಸುವ ಶಿಸ್ತು ಬೇಕು, ಅದು ಯಂತ್ರಕ್ಕಿಂತ ಕಷ್ಟದ್ದು.

ಆರು ಹಣ್ಣಿನ ಪೆಟ್ಟಿಗೆಯಲ್ಲಿ ಒಂದು ಬಿಳಿ ಇಶಾಡ ಸೇರಿಕೊಂಡರೂ ಹೆಸರಿಗೆ ಹೊಡೆತ. ನೆರೆಯ ಮಹಾರಾಷ್ಟ್ರದವರ ಪಾಡು ನೋಡಿ. ಅವರ ಹಾಪುಸ್, ಅಂದರೆ ಆಪೂಸು ಮಾವಿಗೆ 2018ರಲ್ಲೇ ಜಿಐ ಸಿಕ್ಕಿದೆ. ಆದರೂ ಮುಂಬಯಿಯ ಪೇಟೆಯಲ್ಲಿ ನಮ್ಮ ಕರ್ನಾಟಕದ ಆಪೂಸು ದೇವಗಡದ ಪೆಟ್ಟಿಗೆ ಹೊಕ್ಕು ಕೂರುತ್ತದೆ ಎಂಬುದು ಅವರ ಪ್ರತಿ ವರ್ಷದ ಗೋಳು. ಕೊನೆಗೆ ದೇವಗಡದ ಬೆಳೆಗಾರರು ಹಣ್ಣಿಗೇ ಗುರುತಿನ ಸಂಖ್ಯೆಯ ಸ್ಟಿಕರ್ ಹಚ್ಚಲು ಹೊರಟರು. ಕಾಗದದ ಮೇಲಿನ ಮಾನ್ಯತೆ ಪೇಟೆಯಲ್ಲಿ ಕಾವಲು ಕಾಯುವುದಿಲ್ಲ. ಮಾಜಾಳಿ ಗಡಿ ದಾಟಿದರೆ ಗೋವಾದವರಿಗೆ ಮಾನಕುರಾದ್ ಮಾವು ಇದೆ. ಅದಕ್ಕೂ ನಿಮ್ಮ ಹಣ್ಣಿಗೆ ಸಿಕ್ಕ ವರ್ಷವೇ ಜಿಐ ಸಿಕ್ಕಿತು. ಹಂಗಾಮಿನ ಮೊದಲ ಹಣ್ಣಿಗೆ ಅಲ್ಲಿನವರು ಕೊಡುವ ಬೆಲೆ ಕೇಳಿದರೆ ಕಾರವಾರದವರು ಹುಬ್ಬೇರಿಸುತ್ತಾರೆ. ಗೋವಾದವರಿಗೆ ಆ ಹಣ್ಣಿನ ಮೇಲಿರುವ ಅಭಿಮಾನ ಮೊದಲು ಬಂತು, ಜಿಐ ಆಮೇಲೆ. ಹುಬ್ಬಳ್ಳಿಯ ರಸ್ತೆಯೂ ಕರಾವಳಿಯ ರಸ್ತೆಯೂ ಕೂಡುವುದು ಅಂಕೋಲೆಯ ಬಾಳೆಗುಳಿಯಲ್ಲಿ. ಹುಬ್ಬಳ್ಳಿಯ ರಸ್ತೆಯಲ್ಲಿ ಕಡಲಿಗೆ ಬರುವ ಕಾರು ಅಲ್ಲಿ ಹಾಯಲೇಬೇಕು. ಜಾಹೀರಾತಿಗೆ ದುಡ್ಡು ಸುರಿಯುವ ಮೊದಲು ಆ ಕೂಡುರಸ್ತೆಯಲ್ಲಿ ಮೇ ತಿಂಗಳಿಡೀ ಒಂದೇ ಮಾದರಿಯ ಪೆಟ್ಟಿಗೆ ಸಿಗುವಂತೆ ಮಾಡಿದರೆ ಸಾಕು.

ಎರಡನೇ ಹೆಜ್ಜೆ ತಿರುಳಿನದು. ಹಣ್ಣಿಗೂ ಪ್ರವಾಸಿಗರ ಹಂಗಾಮಿಗೂ ಇರುವ ಅಂತರವನ್ನು ತುಂಬಬಲ್ಲದ್ದು ಇದೊಂದೇ. ಡಿಸೆಂಬರ್‌ನಲ್ಲಿ ಕಾರವಾರಕ್ಕೆ ಬಂದವರು ಇಶಾಡದ ರುಚಿ ನೋಡಬೇಕಾದರೆ ಡಬ್ಬಿಯಲ್ಲಿ ಹಾಕಿಟ್ಟ ಅಥವಾ ಶೀತಲದಲ್ಲಿಟ್ಟ ತಿರುಳೇ ಗತಿ. ಆದರೆ ಹೆಸರು ನೀರಾಗುವ ಅಪಾಯವೂ ಇಲ್ಲಿಯೇ ಹೆಚ್ಚು. ಸ್ವಲ್ಪ ಲೆಕ್ಕ ಮಾಡೋಣ.

ನಮ್ಮ ಆಹಾರ ಸುರಕ್ಷತಾ ನಿಯಮದ ಪ್ರಕಾರ ಜಾಮ್‌ನಲ್ಲಿ ಕನಿಷ್ಠ ನೂರಕ್ಕೆ 45 ಪಾಲು ಹಣ್ಣಿರಬೇಕು. ಸ್ಕ್ವಾಷ್‌ನಲ್ಲಿ 25. ಬಾಟಲಿ ತೆರೆದು ಹಾಗೆಯೇ ಕುಡಿಯುವ ಪಾನೀಯದಲ್ಲಿ ಬರೀ 10 ಇದ್ದರೆ ಸಾಕು. ಅಂದರೆ ಒಂದು ಕಿಲೋ ತಿರುಳಿನಿಂದ ಹತ್ತು ಕಿಲೋ ಪಾನೀಯ ಮಾಡಿ, ಹತ್ತು ಬಾಟಲಿಯ ಮೇಲೂ ಇಶಾಡದ ಚಿತ್ರ ಹಾಕಬಹುದು. ಆಹಾರ ಸುರಕ್ಷತಾ ನಿಯಮ ಅಡ್ಡಿ ಮಾಡುವುದಿಲ್ಲ. ಕುಡಿದವರ ನಾಲಿಗೆಗೆ ಸಿಕ್ಕುವುದು ಸಕ್ಕರೆ ನೀರು. ಇಶಾಡವೆಂದರೆ ಇಷ್ಟೇಯಾ ಎಂದು ಅವರು ಅಂದುಕೊಂಡ ಮೇಲೆ, ಮುಂದಿನ ಮೇ ತಿಂಗಳಲ್ಲಿ ನಿಮ್ಮ ಪೆಟ್ಟಿಗೆಗೆ ಹೆಚ್ಚಿನ ಬೆಲೆ ಕೇಳುವುದು ಹೇಗೆ? ಹತ್ತು ರೂಪಾಯಿಯ ಪಾನೀಯದ ಪೈಪೋಟಿಯಲ್ಲಿ ದೊಡ್ಡ ಕಂಪನಿಗಳನ್ನು ನೀವು ಸೋಲಿಸಲಾರಿರಿ. ಅವರಿಗೆ ಬೇಕಾದ ತಿರುಳು ತೋತಾಪುರಿಯಿಂದ ಟ್ಯಾಂಕರುಗಟ್ಟಲೆ ಬರುತ್ತದೆ. ನಿಮ್ಮದು ಎರಡು ತಾಲ್ಲೂಕಿನ ಆಸುಪಾಸಿನ ಮರಗಳ ಫಸಲು. ಕಡಿಮೆ ಇರುವ ಮಾಲನ್ನು ತೆಳು ಮಾಡಿ ಹಂಚುವುದು ದೊಡ್ಡವರ ಆಟ, ಗಟ್ಟಿಯಾಗಿ ಕೊಟ್ಟು ತಕ್ಕ ಬೆಲೆ ಪಡೆಯುವುದು ಚಿಕ್ಕವರ ದಾರಿ.

ಆದ್ದರಿಂದ ಹೆಸರಿನ ಸಾಲು ಹೀಗಿರಲಿ ಎನ್ನುತ್ತೇನೆ. ಬರೀ ಕರಿ ಇಶಾಡದ ತಿರುಳು, ಸಕ್ಕರೆ ಬೇಕಾದಷ್ಟೇ, ಬೇರೆ ಮಾವು ಒಂದು ಚಮಚವೂ ಇಲ್ಲ. ಅದರ ಮೇಲೆ ಹೆಸರು ದೊಡ್ಡ ಅಕ್ಷರದಲ್ಲಿ ಬರಲಿ. ತಿರುಳನ್ನು ಬಿಸಿಲಿಗೆ ಪದರ ಪದರವಾಗಿ ಒಣಗಿಸಿ ಮಾಡುವ ಮಾಂಬಳಕ್ಕೂ ಅದೇ ಹೆಸರು ಸಲ್ಲುತ್ತದೆ. ಮನೆಯಲ್ಲಿ ಮಾಡುವ ಕೈಗಳು ಇನ್ನೂ ಇವೆ, ರುಚಿ ಇನ್ನಷ್ಟು ಗಟ್ಟಿಯಾಗುತ್ತದೆ, ಸಿಪ್ಪೆಯ ತೊಂದರೆ ಇಲ್ಲ, ಬೆಂಗಳೂರಿನ ಅಳಿಯನಿಗೂ ದುಬೈಯ ಮಗನಿಗೂ ಕಳಿಸಬಹುದು. ಜಾಮ್‌ಗೆ ಬಂದಾಗ ಹಣ್ಣಿನ ಪಾಲು ಎಷ್ಟೆಂದು ಮುಂಭಾಗದಲ್ಲೇ ಬರೆಯಿರಿ. ಹತ್ತು ಪಾಲಿನ ಪಾನೀಯಕ್ಕೆ ಈ ಹೆಸರು ಬೇಡವೇ ಬೇಡ. ಬಿಳಿ ಇಶಾಡವನ್ನು ಕರಿಯದರ ತಿರುಳಿಗೆ ಬೆರೆಸುವ ಆಸೆ ಪ್ರತಿ ವರ್ಷ ಬರುತ್ತದೆ, ಫಸಲು ಕಡಿಮೆಯಾದ ವರ್ಷ ಇನ್ನೂ ಜೋರಾಗಿ ಬರುತ್ತದೆ. ಬಿಳಿಯದನ್ನು ಬಿಳಿ ಎಂದೇ ಕರೆದು ಬೇರೆ ಬೆಲೆಗೆ ಮಾರಿ, ಅದರಲ್ಲಿ ಅವಮಾನವಿಲ್ಲ.

ಇನ್ನೊಂದು ಎಚ್ಚರ. ತಿರುಳಿನ ಘಟಕ ಎಂದೊಡನೆ ಪೆಟ್ಟಿಗೆಗೆ ಹೋಗದ ಕೊಳೆತ, ಜಜ್ಜಿದ ಹಣ್ಣೆಲ್ಲ ಅಲ್ಲಿಗೆ ಎಂಬ ರೂಢಿ ಬೆಳೆಯುತ್ತದೆ. ಗಾತ್ರ ಚಿಕ್ಕದಾದದ್ದು, ಸಿಪ್ಪೆಯ ಮೇಲೆ ಕಲೆ ಬಿದ್ದದ್ದು ತಿರುಳಿಗೆ ಹೋಗಲಿ. ಕೆಟ್ಟದ್ದು ಹೋಗಬಾರದು. ಡಿಸೆಂಬರ್‌ನ ಗಿರಾಕಿಗೆ ಹಣ್ಣು ಕಾಣುವುದಿಲ್ಲ, ಅವನ ಪಾಲಿಗೆ ಆ ಡಬ್ಬಿಯೇ ಇಶಾಡ.

ಇನ್ನು ಕಾನೂನಿನ ಎರಡು ಮಾತು. ಜಿಐ ಎಂಬುದು ಒಬ್ಬ ವ್ಯಾಪಾರಿಯ ಟ್ರೇಡ್‌ಮಾರ್ಕ್ ಇದ್ದಂತೆ ಅಲ್ಲ. 1999ರ ಭೌಗೋಳಿಕ ಸೂಚಕಗಳ ಕಾಯ್ದೆ ಅದನ್ನು ಮಾರಲು, ಅಡವಿಡಲು, ಬೇರೆಯವರಿಗೆ ಲೈಸೆನ್ಸ್ ಕೊಡಲು ಬಿಡುವುದಿಲ್ಲ. ಅರ್ಜಿ ಹಾಕಿದ ಸಂಸ್ಥೆ ಹೆಸರನ್ನು ಕಾಯುತ್ತದೆ. ಆ ಪ್ರದೇಶದಲ್ಲಿ ನಿಯಮದಂತೆ ಬೆಳೆಯುವ ಯಾರು ಬೇಕಾದರೂ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡು ಅದನ್ನು ಬಳಸಬಹುದು. ಇದು ಒಳ್ಳೆಯ ವ್ಯವಸ್ಥೆ, ಹಣ್ಣು ಊರಿನ ಸೊತ್ತಾಗಿ ಉಳಿಯುತ್ತದೆ. ಆದರೆ ಇದರ ಅರ್ಥ ಇನ್ನೊಂದೂ ಇದೆ. ನೀವು ಹತ್ತು ವರ್ಷ ದುಡಿದು ‘ಕರಿ ಇಶಾಡ’ ಎಂಬ ಒಂದೇ ಹೆಸರಿನ ಮೇಲೆ ಎಲ್ಲ ಮಾಲನ್ನೂ ನಿಲ್ಲಿಸಿದರೆ, ಆ ಹೆಸರು ನಾಳೆ ನೋಂದಾಯಿಸಿಕೊಂಡ ಇನ್ನೊಬ್ಬರ ಪೆಟ್ಟಿಗೆಯ ಮೇಲೂ ಇರುತ್ತದೆ. ಅವರು ಹಸಿ ಹಣ್ಣು ಮಾರಿದರೆ ಗಿರಾಕಿ ಬೈಯುವುದು ನಿಮ್ಮನ್ನೂ ಸೇರಿಸಿ.

ನೋಂದಣಿ ನಡೆಯುವುದು ಸರಕಿನ ವರ್ಗದ ಪ್ರಕಾರ ಎಂಬುದು ಎರಡನೇ ಮಾತು. ತಾಜಾ ಹಣ್ಣು 31ನೇ ವರ್ಗಕ್ಕೆ ಸೇರುತ್ತದೆ. ತಿರುಳು, ಜಾಮ್‌ನಂಥವು 29ಕ್ಕೆ. ಹಣ್ಣಿನ ಪಾನೀಯ, ಶರಬತ್ತು 32ಕ್ಕೆ. ಬಾಟಲಿಯ ಚೀಟಿ ಅಚ್ಚಿಗೆ ಕೊಡುವ ಮೊದಲು ನೋಂದಣಿ ಪತ್ರದಲ್ಲಿ ಯಾವ ವರ್ಗವೆಂದು ಬರೆದಿದೆ ಎಂದು ತೆರೆದು ಓದಿ, ತಿಳಿದವರನ್ನು ಕೇಳಿ. ಹಣ್ಣಿಗೆ ಸಿಕ್ಕ ಮಾನ್ಯತೆ ತಾನಾಗಿಯೇ ಬಾಟಲಿಗೂ ದಾಟುತ್ತದೆ ಎಂದುಕೊಂಡು ಸಾವಿರಗಟ್ಟಲೆ ಚೀಟಿ ಅಚ್ಚು ಹಾಕಿಸಬೇಡಿ.

ಹಾಗಾದರೆ ನಿಮ್ಮದೇ ಆದ ಹೆಸರು ಯಾವುದು? ಇಲ್ಲಿ ಕ್ಯಾಂಪ್ಕೊ ನೆನಪಿಗೆ ಬರುತ್ತದೆ. 1973ರಲ್ಲಿ ಕರ್ನಾಟಕ ಮತ್ತು ಕೇರಳದ ಅಡಿಕೆ ಬೆಳೆಗಾರರು ಸೇರಿ ಮಂಗಳೂರಿನಲ್ಲಿ ಕಟ್ಟಿದ ಸಹಕಾರಿ ಅದು, ದಕ್ಷಿಣ ಕನ್ನಡದವರೂ ಕಾಸರಗೋಡಿನವರೂ ಅದರಲ್ಲಿ ಸದಸ್ಯರು. ತೋಟದ ನಡುವೆ ಉಪಬೆಳೆಯಾಗಿ ಹಾಕಿದ್ದ ಕೋಕೋಗೆ ಬೆಲೆ ಬಿದ್ದು ಕೊಳ್ಳುವವರು ಹಿಂದೆ ಸರಿದಾಗ ಕ್ಯಾಂಪ್ಕೊ ಕೋಕೋ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಗಮನಿಸಿ, ಅದು ಅಡಿಕೆಯ ಹೆಸರನ್ನು ಚಾಕೊಲೇಟಿಗೆ ಹಚ್ಚಲಿಲ್ಲ. ಬೆಳೆಗಾರರ ಸಂಸ್ಥೆಯ ಹೆಸರು ಮೇಲೆ, ಮಾಲಿನ ಹೆಸರು ಕೆಳಗೆ. ಹಾಗಾಗಿ ಅದೇ ಸಂಸ್ಥೆ ಅಡಿಕೆಯನ್ನೂ ಮಾರಬಲ್ಲದು, ಮಕ್ಕಳ ಮಿಠಾಯಿಯನ್ನೂ ಮಾರಬಲ್ಲದು. ಎರಡಕ್ಕೂ ಮುಜುಗರವಿಲ್ಲ.

ನಿಮಗೂ ಅಂಥದ್ದೊಂದು ಮನೆಹೆಸರು ಬೇಕು. ಎರಡು ತಾಲ್ಲೂಕಿನವರೂ ಒಪ್ಪುವ, ಉಚ್ಚರಿಸಲು ಸುಲಭವಾದ, ಕನ್ನಡಿಗರಿಗೂ ಕೊಂಕಣಿಗರಿಗೂ ತಮ್ಮದೆನ್ನಿಸುವ ಒಂದು ಹೆಸರು. ಅದನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿ, ಬೇಕಾದ ವರ್ಗಗಳಿಗೆಲ್ಲ ಒಟ್ಟಿಗೆ ಅರ್ಜಿ ಹಾಕಿ. ಕರಿ ಇಶಾಡದ ಪೆಟ್ಟಿಗೆಯ ಮೇಲೂ ಅದು ಸಣ್ಣದಾಗಿ ಇರಲಿ. ಆಗ ಹಣ್ಣು ತಿಂದು ಮೆಚ್ಚಿದವರ ಕಣ್ಣಿಗೆ ಆ ಹೆಸರು ಪರಿಚಯವಾಗುತ್ತದೆ. ಮುಂದೆ ಅದೇ ಗುರುತು ಮುರುಗಲು ಸಿಪ್ಪೆಯ ಪೊಟ್ಟಣದ ಮೇಲೆ ಕಂಡಾಗ ಕೈ ಅತ್ತ ಹೋಗುತ್ತದೆ. ಹಣ್ಣು ಮನೆಹೆಸರಿಗೆ ಸಾಲ ಕೊಡುತ್ತದೆ, ಮನೆಹೆಸರು ಉಳಿದ ಮಾಲನ್ನು ಹೊರುತ್ತದೆ. ಮುರುಗಲು ಶರಬತ್ತು ಒಂದು ವರ್ಷ ಕೆಟ್ಟರೂ ಇಶಾಡದ ಮೇಲೆ ಕಲೆ ಬೀಳುವುದಿಲ್ಲ.

ಸ್ವಸಹಾಯ ಸಂಘದ ಅಕ್ಕ-ತಂಗಿಯರೇ, ಈ ಭಾಗ ನಿಮಗೆ. ಮುರುಗಲು ಸಿಪ್ಪೆ, ಮುರುಗಲು ಶರಬತ್ತು, ಗೋಡಂಬಿ, ಹಪ್ಪಳ, ಉಪ್ಪಿನಲ್ಲಿಟ್ಟ ಮಾವಿನಕಾಯಿ: ನಿಮ್ಮ ಮಾಲು ಇಶಾಡದ ಬಾಲಂಗೋಚಿ ಆಗಬೇಕಿಲ್ಲ. ಕಾರವಾರದ ಯಾವ ಖಾನಾವಳಿಗೆ ಹೋದರೂ ಮೀನಿನ ಊಟದ ಜೊತೆ ಮುರುಗಲಿನ ಕೆಂಪು ಸೋಲ ಕಡಿಯ ಲೋಟ ಬರುತ್ತದೆ. ಕೈಗಾ ಅಣುಸ್ಥಾವರದ ವಸತಿ ಬಡಾವಣೆಯಲ್ಲಿ, ಕಾರವಾರದ ನೌಕಾನೆಲೆಯಲ್ಲಿ ದೇಶದ ಎಲ್ಲ ಮೂಲೆಯ ಕುಟುಂಬಗಳಿವೆ. ಮೂರು-ನಾಲ್ಕು ವರ್ಷ ಇದ್ದು ವರ್ಗವಾಗಿ ಹೋಗುವವರು. ಹೊಸ ಮಾಲಿನ ಪರೀಕ್ಷೆಗೆ ಇವರಿಗಿಂತ ಒಳ್ಳೆಯ ಗಿರಾಕಿ ಸಿಗುವುದಿಲ್ಲ. ಪಂಜಾಬಿನ ಗೃಹಿಣಿಗೆ ಮುರುಗಲು ಸಿಪ್ಪೆ ಕೊಟ್ಟು ನೋಡಿ. ಅದನ್ನು ಏನು ಮಾಡಬೇಕೆಂದು ಅವಳು ಕೇಳುವ ಪ್ರಶ್ನೆಗಳೇ ನಿಮ್ಮ ಪೊಟ್ಟಣದ ಹಿಂಭಾಗದಲ್ಲಿ ಬರೆಯಬೇಕಾದ ಉತ್ತರಗಳು. ಅವಳು ವರ್ಗವಾಗಿ ವಿಶಾಖಪಟ್ಟಣಕ್ಕೆ ಹೋದ ಮೇಲೂ ಫೋನು ಮಾಡಿ ತರಿಸಿಕೊಂಡರೆ ಮಾಲು ಗೆದ್ದಿತು.

ಕಥೆ ಹೇಳಿ ಮಾರುವ ಕಾಲ ಇದು, ಅಲ್ಲೂ ಎರಡು ಗೆರೆ ಎಳೆದುಕೊಳ್ಳಬೇಕು. ಅಂಕೋಲೆಯಲ್ಲಿ 1930ರ ಏಪ್ರಿಲ್‌ನಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಅದನ್ನು ಚೀಟಿಯ ಮೇಲೆ ಹಾಕಿ ಉಪ್ಪು ಮಾರೋಣ ಎಂದು ಯಾರಿಗಾದರೂ ಹೊಳೆದೀತು. ಉಪ್ಪು ನಿಮ್ಮ ನೆಲದಲ್ಲೇ ತೆಗೆದದ್ದಾದರೆ ಸರಿ. ಕುಮಟಾ ತಾಲ್ಲೂಕಿನ ಸಾಣಿಕಟ್ಟೆಯ ಆಗರದ ಉಪ್ಪು ತಂದು ಅಂಕೋಲೆಯ ಚರಿತ್ರೆ ಅಂಟಿಸಿದರೆ, ನಿಮ್ಮ ಹಣ್ಣಿನ ಹೆಸರನ್ನು ಬೇರೆಯವರು ಕದ್ದಾಗ ದೂರಲು ನಿಮಗೆ ಬಾಯಿ ಇರುವುದಿಲ್ಲ. ಸಾಣಿಕಟ್ಟೆಯವರಿಗೂ ಅವರದೇ ಹೆಸರಿದೆ, ಅದು ಅವರಿಗಿರಲಿ.

ಮತ್ತೊಂದು ಗೆರೆ ಇಲ್ಲಿನ ಹಾಲಕ್ಕಿ ಸಮುದಾಯದವರ ವಿಷಯದ್ದು. ಮಣಿಸರ ತೊಟ್ಟ ಹಾಲಕ್ಕಿ ಅಜ್ಜಿಯ ಚಿತ್ರ ಹಾಕಿದರೆ ಪೊಟ್ಟಣ ಚೆನ್ನಾಗಿ ಕಾಣುತ್ತದೆ ಎಂದು ವಿನ್ಯಾಸಗಾರರು ಹೇಳುತ್ತಾರೆ. ಸುಕ್ರಿ ಬೊಮ್ಮಗೌಡರು, ತುಳಸಿ ಗೌಡರು ಈ ತಾಲ್ಲೂಕಿಗೆ ತಂದ ಗೌರವ ದೊಡ್ಡದು. ಹಾಡಿನಿಂದ ಒಬ್ಬರು, ಗಿಡದಿಂದ ಒಬ್ಬರು ಪದ್ಮಶ್ರೀ ಪಡೆದವರು. ಅವರ ಸಮುದಾಯದ ಮುಖ, ಉಡುಗೆ ಚೀಟಿಗೆ ಬರಬೇಕಾದರೆ ಅವರನ್ನು ಕೇಳಿ, ಅವರ ಮಾಲನ್ನೇ ಕೊಳ್ಳಿ, ಲಾಭದಲ್ಲಿ ಪಾಲು ಕೊಡಿ. ತರಕಾರಿ ಬೆಳೆದು, ಹಣ್ಣು ಹೊತ್ತು ತಂದು ಮಾರುವ ಹೆಂಗಸರು ರಸ್ತೆ ಬದಿಯ ಬಿಸಿಲಲ್ಲಿ, ಅವರ ಚಿತ್ರ ಮಾತ್ರ ವಿಮಾನ ನಿಲ್ದಾಣದ ಅಂಗಡಿಯಲ್ಲಿ ಎಂದಾಗಬಾರದು. ನಿಮ್ಮ ರೈತ ಕಂಪನಿ ಪೆಟ್ಟಿಗೆಗೆ ಗುರುತಿನ ಸ್ಟಿಕರ್ ಮಾಡಿಸಿದರೆ ಅದು ರಸ್ತೆ ಬದಿಯ ಬುಟ್ಟಿಗೂ ಸಿಗುವಂತಾಗಲಿ. ಪೆಟ್ಟಿಗೆಯವರಿಗೊಂದು ನ್ಯಾಯ, ಬುಟ್ಟಿಯವರಿಗೊಂದು ನ್ಯಾಯ ಬೇಡ.

ಇನ್ನು ಯಂತ್ರದ ಮಾತು. ಸಂಸ್ಕರಣಾ ಘಟಕಕ್ಕೆ ಸಬ್ಸಿಡಿ ಇದೆ, ಹಾಕಿಬಿಡಿ ಎಂದು ಹೇಳುವವರು ಬಹಳ. ನಿಮ್ಮ ಹಣ್ಣಿನ ಹಂಗಾಮು ಕೆಲವೇ ವಾರ. ಮುರುಗಲು ಮಾಗುವುದೂ ಬೇಸಿಗೆಯಲ್ಲೇ, ಹಲಸೂ ಅದರ ಹಿಂದೆಯೇ. ಅಂದರೆ ಎಲ್ಲವೂ ಒಂದೇ ಸಮಯಕ್ಕೆ ನುಗ್ಗಿ ಬರುತ್ತದೆ, ಆಮೇಲೆ ತಿಂಗಳುಗಟ್ಟಲೆ ಯಂತ್ರ ಖಾಲಿ. ಆಗ ಬ್ಯಾಂಕಿನ ಕಂತು ಕಟ್ಟಲಿಕ್ಕೆಂದು ಎಲ್ಲಿಂದಲೋ ತಂದ ಹಣ್ಣಿನ ಜ್ಯೂಸ್ ಶುರುವಾಗುತ್ತದೆ. ಯಾವ ಮಾಲು ಮಾಡಬೇಕೆಂದು ಗಿರಾಕಿ ಹೇಳುವ ಬದಲು ಸಾಲ ಹೇಳತೊಡಗುತ್ತದೆ. ಸಂಸ್ಥೆಗಳು ತಮ್ಮ ಹೆಸರನ್ನು ತಾವೇ ಕೆಡಿಸಿಕೊಂಡದ್ದು ಹೆಚ್ಚಾಗಿ ಹೀಗೆ. ಮೊದಲ ಕೆಲವು ವರ್ಷ ಬೇರೆಯವರ ಘಟಕವನ್ನು ಬಾಡಿಗೆಗೆ ಹಿಡಿದು, ನಿಮ್ಮವರೇ ಎದುರು ನಿಂತು ತಿರುಳು ತೆಗೆಸಿ. ಎರಡು ಹಂಗಾಮು ಡಬ್ಬಿ ಪೂರ್ತಿ ಖರ್ಚಾದರೆ ಸ್ವಂತ ಯಂತ್ರದ ಯೋಚನೆ ಮಾಡಿ. ಎರಡು ಹಂಗಾಮು ಉಳಿದುಹೋದ ಮಾಲನ್ನು ಮಮತೆ ಇಲ್ಲದೆ ಕೈಬಿಡಿ. ಮಾಲಿನ ಸಾಲು ಉದ್ದವಾದಷ್ಟೂ ಗೋದಾಮು, ದುಡ್ಡು, ಗಮನ ಹರಿದು ಹಂಚಿಹೋಗುತ್ತದೆ. ಚಿಕ್ಕ ಸಂಸ್ಥೆಗೆ ನಾಲ್ಕು ಒಳ್ಳೆಯ ಮಾಲು ಹದಿನಾಲ್ಕು ಸುಮಾರು ಮಾಲಿಗಿಂತ ಮೇಲು.

ಇಷ್ಟೆಲ್ಲ ಹೇಳಲು ನನಗೆ ಕಾರವಾರದ ಚರಿತ್ರೆಯೂ ಒಂದು ಕಾರಣ. 1638ರಲ್ಲಿ ಇಂಗ್ಲಿಷ್ ವ್ಯಾಪಾರಿಗಳು ಇಲ್ಲಿ ಕೋಠಿ ತೆರೆದರು. ಘಟ್ಟದ ಮೇಲಿನ ಮೆಣಸು, ಏಲಕ್ಕಿ, ಬಯಲುಸೀಮೆಯ ಮಗ್ಗಗಳಲ್ಲಿ ನೇಯ್ದ ನಯವಾದ ಮಸ್ಲಿನ್ ಬಟ್ಟೆ ಕಾಳಿ ನದಿಯ ಅಳಿವೆಯಿಂದ ಹಡಗು ಹತ್ತಿದವು. ಮಾಲು ಒಳ್ಳೆಯದಿತ್ತು, ಬೇಡಿಕೆಯೂ ಇತ್ತು. ಆದರೆ ಹೆಸರು ಬೆಳೆದವರದೂ ಆಗಲಿಲ್ಲ, ನೇಯ್ದವರದೂ ಆಗಲಿಲ್ಲ. ಕೋಠಿ ಮುಚ್ಚಿತು, ವ್ಯಾಪಾರಿಗಳು ಹೋದರು, ಅವರೊಂದಿಗೆ ಪೇಟೆಯೂ ಹೋಯಿತು. ಇಂದು ಜಗತ್ತಿನ ಯಾವ ಅಂಗಡಿಯಲ್ಲೂ ಕಾರವಾರದ ಮಸ್ಲಿನ್ ಎಂದು ಕೇಳುವವರಿಲ್ಲ. ಈಗ ನಮ್ಮ ನೆಲದ ಒಂದು ಮಾಲಿನ ಹೆಸರು ಬೆಳೆದವರ ಕೈಯಲ್ಲೇ, ಕಾನೂನಿನ ಬೆಂಬಲದೊಂದಿಗೆ ಉಳಿದಿದೆ. ಅದನ್ನು ಹೊರಗಿನವರು ಕಸಿಯುವ ಭಯ ನನಗೆ ಅಷ್ಟಿಲ್ಲ. ನಾವೇ ಅದನ್ನು ಕಂಡಕಂಡ ಬಾಟಲಿಗೆ ಅಂಟಿಸಿ ಅಗ್ಗ ಮಾಡುತ್ತೇವೇನೋ ಎಂಬ ಭಯವಿದೆ.

ಆದ್ದರಿಂದ ಒಂದು ವಿನಂತಿ. ಬರುವ ಹಂಗಾಮಿನ ಮೊದಲ ಕೊಯ್ಲಿಗೆ ಮುಂಚೆ ಎಲ್ಲರೂ ಒಂದು ಸಭೆ ಸೇರಿ. ಬೆಳೆಗಾರರು, ಬುಟ್ಟಿಯಲ್ಲಿ ಮಾರುವವರು, ಸಂಘದ ಹೆಂಗಸರು, ತೋಟಗಾರಿಕೆ ಇಲಾಖೆಯವರು. ಮೂರು ವಿಷಯ ಮಾತ್ರ ತೀರ್ಮಾನಿಸಿ. ಪೆಟ್ಟಿಗೆಯಲ್ಲಿ ಹೋಗುವ ಕರಿ ಇಶಾಡ ಎಷ್ಟು ತೂಕದ್ದು, ಎಷ್ಟು ಮಾಗಿದ್ದು ಇರಬೇಕು? ಡಬ್ಬಿಯ ಮೇಲೆ ಆ ಹೆಸರು ಬರಬೇಕಾದರೆ ಒಳಗೆ ಅದರ ಪಾಲು ಎಷ್ಟಿರಬೇಕು? ಉಳಿದ ಮಾಲಿಗೆಲ್ಲ ಹಾಕುವ ಮನೆಹೆಸರು ಯಾವುದು? ಉತ್ತರಗಳನ್ನು ಕನ್ನಡದಲ್ಲಿ, ಕೊಂಕಣಿಯಲ್ಲಿ ಒಂದೇ ಹಾಳೆಯ ಮೇಲೆ ಬರೆದು ಎರಡೂ ತಾಲ್ಲೂಕಿನ ಪಂಚಾಯಿತಿಗಳ ಗೋಡೆಗೆ ಹಚ್ಚಿ. ಅದಕ್ಕೆ ಸಹಿ ಹಾಕಿದವರಿಗೆ ಸ್ಟಿಕರ್ ಕೊಡಿ. ಮುರಿದವರು ಎಷ್ಟೇ ದೊಡ್ಡ ತೋಟದವರಾದರೂ ವಾಪಸು ತೆಗೆದುಕೊಳ್ಳಿ. ಒಬ್ಬ ದೊಡ್ಡವರ ಸ್ಟಿಕರ್ ವಾಪಸಾದ ಸುದ್ದಿ ಹುಬ್ಬಳ್ಳಿಯ ಹಣ್ಣಿನ ಪೇಟೆ ಮುಟ್ಟಿದ ದಿನ ನಿಮ್ಮ ಪೆಟ್ಟಿಗೆಗೆ ಬೆಲೆ ತಾನಾಗಿ ಏರುತ್ತದೆ.

ಇತಿ,
ಕಾರವಾರದಿಂದ ನಿಮ್ಮ ಒಬ್ಬ ಹಳೆಯ ಗಿರಾಕಿ